ಪಾದದ ಹೊರ ಅಂಚಿನ ನೋವು: ಬೆರಳಿಟ್ಟು ಗುರುತಿಸುವ ಬಗೆ

ಮಂಗಳೂರು, ಉಡುಪಿಯ ಕಡೆ ಮಳೆಗಾಲದಲ್ಲಿ ಪಾಚಿ ಹಿಡಿದ ಮುರಕಲ್ಲಿನ ಮೆಟ್ಟಿಲಲ್ಲಿ ಜಾರಿ ಯಾರದಾದರೂ ಪಾದ ಒಳಕ್ಕೆ ಹೊರಳಿದರೆ, ಉಳುಕಿರಬೇಕು, ಎಣ್ಣೆ ಹಚ್ಚಿ ತಿಕ್ಕಿ ಎಂಬ ಸಲಹೆ ಮೊದಲು ಬರುತ್ತದೆ. ಬಹಳ ಸಲ ಅದು ಉಳುಕೇ ಹೌದು. ಆದರೂ ತಿಕ್ಕುವ ಮೊದಲು, ನೋವು ನಿಖರವಾಗಿ ಎಲ್ಲಿದೆ ಎಂಬುದನ್ನು ಒಂದೇ ಬೆರಳಿನಿಂದ ಮೆಲ್ಲನೆ ಒತ್ತಿ ನೋಡಬೇಕು.

ಕಣಕಾಲಿನ ಹೊರಬದಿಗೆ ಉಬ್ಬಿರುವ ಮೂಳೆಯ ಮುಂದೆ ಮತ್ತು ಕೆಳಗೆ ನೋವು, ಊತ ಇದ್ದರೆ ಅಸ್ಥಿರಜ್ಜು (ಮೂಳೆಗೂ ಮೂಳೆಗೂ ಬಿಗಿದಿರುವ ಪಟ್ಟಿ) ಉಳುಕಿರುವ ಸಂಭವ ಹೆಚ್ಚು. ಅದೇ ಮೂಳೆಯ ಹಿಂಬದಿಯಲ್ಲಿ, ಪೆಟ್ಟಿಲ್ಲದೆ ನಿಧಾನವಾಗಿ ಹೆಚ್ಚುತ್ತಾ ಬಂದ ನೋವು ಸಾಮಾನ್ಯವಾಗಿ ಅಲ್ಲಿ ಹಾದುಹೋಗುವ, ಸ್ನಾಯುವನ್ನು ಮೂಳೆಗೆ ಸೇರಿಸುವ ಸ್ನಾಯುರಜ್ಜುಗಳದ್ದು. ಮಲ್ಪೆಯಂಥ ಕಡಲತೀರದ ಇಳಿಜಾರು ಮರಳಿನಲ್ಲಿ ದಿನವೂ ಒಂದೇ ದಿಕ್ಕಿಗೆ ನಡೆಯುವವರಲ್ಲಿ ನೀರಿನ ಬದಿಯ ಪಾದ ಹೊರಕ್ಕೆ ವಾಲುವುದರಿಂದ ಈ ರಜ್ಜುಗಳು ದಣಿಯುತ್ತವೆ.

ಹೆಚ್ಚು ಎಚ್ಚರ ಬೇಕಾದದ್ದು ಇನ್ನೊಂದು ಜಾಗದಲ್ಲಿ. ಕಿರುಬೆರಳಿನಿಂದ ಹಿಮ್ಮಡಿಯತ್ತ ಅಂಚಿನಗುಂಟ ಬೆರಳು ಸರಿಸಿದರೆ ಸುಮಾರು ನಡುವಿನಲ್ಲಿ ಒಂದು ಸಣ್ಣ ಉಬ್ಬು ಸಿಗುತ್ತದೆ. ಪಾದ ಹೊರಳಿದಾಗ ಅಲ್ಲಿಗೆ ಅಂಟಿರುವ ರಜ್ಜು ಮೂಳೆಯ ಚೂರನ್ನೇ ಕಿತ್ತುಬಿಡಬಹುದು. ಅದಕ್ಕಿಂತ ತುಸು ಮುಂದೆ ಆಗುವ ಮುರಿತ ಇನ್ನೂ ಹಠಮಾರಿ, ಏಕೆಂದರೆ ಅಲ್ಲಿ ರಕ್ತಸಂಚಾರ ಕಡಿಮೆ. ಅದನ್ನು 1902ರಲ್ಲಿ ವಿವರಿಸಿದ ಶಸ್ತ್ರವೈದ್ಯ ರಾಬರ್ಟ್ ಜೋನ್ಸ್ ಅವರಿಗೆ ಕುಣಿಯುವಾಗಲೇ ಆ ಮುರಿತ ಆಗಿತ್ತು. ಧೀಂಗಿಣ (ಗಿರಕಿ ಹೊಡೆಯುತ್ತಾ ಜಿಗಿಯುವ ಕುಣಿತ) ಹಾಕುವ ನಮ್ಮ ಯಕ್ಷಗಾನ ವೇಷಧಾರಿಗಳು ಇದನ್ನು ಗಮನದಲ್ಲಿಡುವುದು ಒಳ್ಳೆಯದು.

ಕಿರುಬೆರಳಿನ ಬುಡದ ಗಂಟು ಕೆಂಪಾಗಿ ಉಬ್ಬಿದ್ದರೆ ಬಿಗಿಯಾದ ಶೂ ಬದಲಿಸಿ.

ಪೆಟ್ಟಾದ ದಿನ ಭಾರ ಹಾಕದೆ, ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು 15ರಿಂದ 20 ನಿಮಿಷ ಇಟ್ಟು, ಕ್ರೇಪ್ ಬ್ಯಾಂಡೇಜ್ ಕಟ್ಟಿ, ಮಲಗಿ ಕಾಲನ್ನು ದಿಂಬಿನ ಮೇಲೆ ಎತ್ತರಿಸಿಡಿ. ನಾಲ್ಕು ಹೆಜ್ಜೆ ಇಡಲಾಗದಿದ್ದರೆ, ಅಥವಾ ಪಾದದ ಅಂಚಿನ ನಡುವಿನ ಆ ಉಬ್ಬನ್ನೋ ಕಣಕಾಲಿನ ಮೂಳೆಯ ಹಿಂಬದಿಯ ಅಂಚನ್ನೋ ಒತ್ತಿದಾಗ ನೋವಾದರೆ ತಿಕ್ಕಿಸಬೇಡಿ, ಎಕ್ಸ್‌ರೇ ತೆಗೆಸಿ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕುಂದಿದವರಿಗೆ ಮೂಳೆ ಮುರಿದರೂ ನೋವು ಅಷ್ಟಾಗಿ ತಿಳಿಯದಿರಬಹುದು, ಹಾಗಾಗಿ ಅವರು ಊತ ಕಂಡ ಕೂಡಲೇ ವೈದ್ಯರಿಗೆ ತೋರಿಸಬೇಕು.

ಉಳುಕು ವಾಸಿಯಾದ ಮೇಲೆ ಗೋಡೆಯ ಪಕ್ಕ ಒಂಟಿ ಕಾಲಿನಲ್ಲಿ ನಿಲ್ಲುವ ಅಭ್ಯಾಸ ಮಾಡಿದರೆ ಅದೇ ಪಾದ ಮತ್ತೆ ಹೊರಳುವುದು ಕಡಿಮೆಯಾಗುತ್ತದೆ.