ಕಮಾಂಡ್ ಲೈನೋ, ಮೆನುವೋ: ವಿಶ್ಲೇಷಣಾ ತಂತ್ರಾಂಶವನ್ನು ಆರಿಸಿಕೊಳ್ಳುವ ಬಗೆ

ವೈಜ್ಞಾನಿಕ ದತ್ತಾಂಶದ ವಿಶ್ಲೇಷಣೆಗೆ ತಂತ್ರಾಂಶವನ್ನು ಹುಡುಕುವವರು ಸಾಮಾನ್ಯವಾಗಿ, ಮೌಸ್‌ನಿಂದ ಒತ್ತುವ ಮೆನು, ಆಜ್ಞೆಗಳನ್ನು ಟೈಪ್ ಮಾಡುವ ಕಮಾಂಡ್ ಲೈನ್, ಇವೆರಡರಲ್ಲಿ ಯಾವುದು ಬೇಗ ಕೈಗೆ ಹತ್ತುತ್ತದೆ ಎಂದು ವಿಚಾರಿಸುತ್ತಾರೆ. ಅದಕ್ಕೂ ಮುಂಚೆ ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆಯೇ ಇದೆ: ಈ ಕೆಲಸವನ್ನು ಮತ್ತೊಮ್ಮೆ ಮಾಡಬೇಕಾಗಿ ಬಂದರೆ, ಯಾವ ಹೆಜ್ಜೆಗಳನ್ನು ಇಟ್ಟು ಈ ಉತ್ತರಕ್ಕೆ ಬಂದೆವೆಂದು ತೋರಿಸಲು ನಮ್ಮ ಬಳಿ ಏನು ಉಳಿದಿರುತ್ತದೆ?

ದತ್ತಾಂಶವನ್ನು ಮೊದಲ ಸಲ ಪರಿಚಯ ಮಾಡಿಕೊಳ್ಳುವಾಗ ಮೌಸ್ ಮತ್ತು ಮೆನುಗಳಿರುವ ತಂತ್ರಾಂಶವೇ ಅನುಕೂಲ. ಸಂಖ್ಯಾಶಾಸ್ತ್ರಜ್ಞ ಫ್ರಾನ್ಸಿಸ್ ಆನ್ಸ್‌ಕೋಂಬ್ 1973ರಲ್ಲಿ ಪ್ರಕಟಿಸಿದ ನಾಲ್ಕು ದತ್ತಾಂಶ ಗುಂಪುಗಳ ಸರಾಸರಿಯೂ ಸಹಸಂಬಂಧವೂ ಹೆಚ್ಚುಕಡಿಮೆ ಒಂದೇ ಆಗಿದ್ದರೂ, ನಕ್ಷೆಯಲ್ಲಿ ಅವು ನಾಲ್ಕು ಬಗೆಯಾಗಿ ಕಾಣುತ್ತವೆ. ಇಂಥದ್ದನ್ನು ಕಣ್ಣಿನಿಂದಲೇ ಹಿಡಿಯಬೇಕು.

ಆದರೆ ನೋಡುವ ಕೆಲಸ ಮುಗಿದು ಅಳೆಯುವ ಕೆಲಸ ಶುರುವಾದಾಗ ಲೆಕ್ಕ ಬದಲಾಗುತ್ತದೆ. ಸೂಕ್ಷ್ಮದರ್ಶಕದ ಚಿತ್ರದಲ್ಲಿ ಜೀವಕೋಶಗಳನ್ನು ಎಣಿಸಲು ಇಮೇಜ್‌ಜೆ ಎಂಬ ತಂತ್ರಾಂಶವನ್ನು ಬಳಸುತ್ತಿದ್ದೀರಿ ಎಂದಿಟ್ಟುಕೊಳ್ಳಿ. ಎಷ್ಟು ಹೊಳಪಿನ ಭಾಗವನ್ನು ಕೋಶವೆಂದು ಎಣಿಸಬೇಕೆಂದು ನಿರ್ಧರಿಸುವ ಥ್ರೆಶೋಲ್ಡ್ ಪಟ್ಟಿಯನ್ನು ಕೈಯಿಂದ ಸ್ವಲ್ಪ ಅತ್ತಿತ್ತ ಸರಿಸಿದರೂ ಎರಡು ಕೋಶಗಳು ಅಂಟಿಕೊಂಡು ಒಂದಾಗಬಹುದು, ಮಸುಕಾದ ಕೋಶವೊಂದು ಎಣಿಕೆಯಿಂದಲೇ ಬಿಟ್ಟುಹೋಗಬಹುದು. ನೂರು ಚಿತ್ರಗಳಾದ ಮೇಲೆ ಯಾವುದಕ್ಕೆ ಯಾವ ಮೌಲ್ಯ ಕೊಟ್ಟಿದ್ದಿರಿ ಎಂಬುದು ಎಲ್ಲಿಯೂ ಬರೆದಿರುವುದಿಲ್ಲ. ಆದ್ದರಿಂದ ಮೊದಲ ಚಿತ್ರಕ್ಕೆ ಕೈ ಹಚ್ಚುವ ಮುನ್ನವೇ ಪ್ಲಗಿನ್ಸ್ ಮೆನುವಿನ ಮ್ಯಾಕ್ರೋಸ್ ವಿಭಾಗದಲ್ಲಿರುವ ರೆಕಾರ್ಡ್ ಆಯ್ಕೆಯನ್ನು ತೆರೆದಿಡಿ. ನೀವು ಒತ್ತಿದ ಆಯ್ಕೆಗಳು ಅಲ್ಲಿ ಆಜ್ಞೆಯ ಸಾಲುಗಳಾಗಿ ಮೂಡುತ್ತಾ ಹೋಗುತ್ತವೆ, ಆ ಸಾಲುಗಳನ್ನೇ ಉಳಿಸಿಕೊಂಡು ಇಡೀ ಫೋಲ್ಡರ್‌ಗೆ ಅನ್ವಯಿಸಬಹುದು. ಸಂಖ್ಯಾಶಾಸ್ತ್ರದ ತಂತ್ರಾಂಶ ಎಸ್‌ಪಿಎಸ್‌ಎಸ್‌ನಲ್ಲಿ ಪೇಸ್ಟ್ ಗುಂಡಿಯೂ ಭೂಪಟಗಳ ತಂತ್ರಾಂಶ ಕ್ಯೂಜಿಐಎಸ್‌ನಲ್ಲಿ ಪ್ರೊಸೆಸಿಂಗ್ ಹಿಸ್ಟರಿಯೂ ಇದೇ ಕೆಲಸಕ್ಕೆ ಒದಗುತ್ತವೆ. ಮೆನುವಿನಿಂದ ಕಮಾಂಡ್ ಲೈನ್‌ಗೆ ದಾಟಲು ಇದಕ್ಕಿಂತ ಒಳ್ಳೆಯ ದಾರಿಯಿಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ.

ದೂರದ ಸರ್ವರ್‌ನಲ್ಲಿ ಗಂಟೆಗಟ್ಟಲೆ ನಡೆಯಬೇಕಾದ ಲೆಕ್ಕಾಚಾರಕ್ಕೆ, ಡಿಎನ್‌ಎ ಅನುಕ್ರಮಗಳನ್ನು ನಿಭಾಯಿಸುವ ಸ್ಯಾಮ್‌ಟೂಲ್ಸ್ ಅಥವಾ ಅಣುಗಳ ಚಲನೆಯನ್ನು ಲೆಕ್ಕಹಾಕುವ ಗ್ರೊಮ್ಯಾಕ್ಸ್‌ನಂಥ ಸಾಧನಗಳಿಗೆ ಕಮಾಂಡ್ ಲೈನ್ ಕಲಿಯದೆ ವಿಧಿಯಿಲ್ಲ. ಅದಕ್ಕೆ ಇನ್ನೊಂದು ಗುಣವೂ ಇದೆ: ಸಾಮಾನ್ಯವಾಗಿ, ಹೇಳದ ಉಪಕಾರವನ್ನು ಅದು ಮಾಡಲು ಹೋಗುವುದಿಲ್ಲ. ಎಕ್ಸೆಲ್‌ನಲ್ಲಿ ಫೈಲ್ ತೆರೆದೊಡನೆ ಸೆಪ್ಟ್1, ಮಾರ್ಚ್1 ಎಂಬ ವಂಶವಾಹಿಗಳ ಸಂಕೇತಗಳು ದಿನಾಂಕಗಳಾಗಿ ಬದಲಾಗುತ್ತಿದ್ದವು. ಕೊನೆಗೆ ಮಾನವ ವಂಶವಾಹಿಗಳಿಗೆ ಹೆಸರಿಡುವ ಸಮಿತಿಯೇ ಅವುಗಳನ್ನು ಸೆಪ್ಟಿನ್1, ಮಾರ್ಚ್‌ಎಫ್1 ಎಂದು ಬದಲಿಸಿ, ಇಂಥ ಹೆಸರುಗಳ ಬಗ್ಗೆ 2020ರಲ್ಲಿ ಮಾರ್ಗಸೂಚಿಯನ್ನು ಪ್ರಕಟಿಸಬೇಕಾಯಿತು.

ಹಾಗೆಂದು ಕಮಾಂಡ್ ಲೈನ್ ನಿರಪಾಯಕಾರಿಯಲ್ಲ. ಅಲ್ಲಿ ಅಳಿಸಿದ ಫೈಲ್ ಕಸದಬುಟ್ಟಿಗೆ ಹೋಗದೆ ನೇರವಾಗಿ ಅಳಿದುಹೋಗುತ್ತದೆ, ಹೆಸರಿನ ನಡುವಿನ ಒಂದು ಖಾಲಿ ಜಾಗ ಆಜ್ಞೆಯನ್ನೇ ದಾರಿ ತಪ್ಪಿಸಬಹುದು, ತಪ್ಪು ಆಯ್ಕೆಯೊಂದು ಸಾವಿರ ಫೈಲ್‌ಗಳ ಮೇಲೂ ಸದ್ದಿಲ್ಲದೆ ಜಾರಿಯಾಗಬಹುದು. ಮೂಲ ದತ್ತಾಂಶಕ್ಕೆ ಓದುವ ಅನುಮತಿಯನ್ನಷ್ಟೇ ಕೊಟ್ಟು, ಫಲಿತಾಂಶಗಳನ್ನು ಬೇರೆ ಫೋಲ್ಡರ್‌ಗೆ ಬರೆಸಿ. ಆಜ್ಞೆಗಳನ್ನು ಬರೆದಿಟ್ಟ ಸ್ಕ್ರಿಪ್ಟನ್ನು ಮೊದಲು ಒಂದೇ ಫೈಲ್ ಮೇಲೆ ನಡೆಸಿ, ಅದೇ ಫೈಲನ್ನು ಮೆನು ಮೂಲಕವೂ ವಿಶ್ಲೇಷಿಸಿ, ಎರಡೂ ಉತ್ತರಗಳು ತಾಳೆಯಾದ ಮೇಲಷ್ಟೇ ಉಳಿದವಕ್ಕೆ ಮುಂದುವರಿಯಿರಿ. ತಾಳೆಯಾಗದಿದ್ದರೆ ಎರಡು ಕಡೆಯ ಪೂರ್ವನಿಯೋಜಿತ ಮೌಲ್ಯಗಳನ್ನು (ನಾವು ಬದಲಿಸದಿದ್ದರೆ ತಂತ್ರಾಂಶವೇ ಬಳಸುವ ಮೌಲ್ಯಗಳನ್ನು) ಮೊದಲು ಹೋಲಿಸಿ ನೋಡಿ, ಆಮೇಲೆ ತಂತ್ರಾಂಶದ ಆವೃತ್ತಿ ಸಂಖ್ಯೆಗಳನ್ನು.