ದವಡೆಯ ಗಂಟು: ಎಕ್ಸ್‌ರೇ ಒಂದನ್ನೇ ನಂಬಬೇಡಿ

15 ವರ್ಷದ ಹುಡುಗಿ. ಮೂಗಿನ ಪಕ್ಕ, ಮೇಲ್ದವಡೆಯಲ್ಲಿ ಅಡಿಕೆ ಗಾತ್ರದ ಊತ. ನೋವಿಲ್ಲ. “ಹಲ್ಲು ಬರ್ತಿರಬೇಕು ಅಂತ ಸುಮ್ನಿದ್ವಿ ಮೇಡಂ” ಎಂದರು ಅವಳಮ್ಮ. ಕೈಯಲ್ಲಿ ಓಪಿಜಿ ಫಿಲ್ಮ್ (ಎರಡೂ ದವಡೆ ಒಟ್ಟಿಗೆ ಕಾಣುವ ಎಕ್ಸ್‌ರೇ), ಜೊತೆಗೊಂದು ಚೀಟಿ: ‘ಡೆಂಟಿಜೆರಸ್ ಸಿಸ್ಟ್’, ಅಂದರೆ ಹೂತ ಹಲ್ಲಿನ ಸುತ್ತ ಬೆಳೆಯುವ ನೀರು ಚೀಲ. ಹೊಸದಾಗಿ ಕ್ಲಿನಿಕ್ ತೆರೆದಿರುವ ದಂತವೈದ್ಯರಿಗೆ ಇದನ್ನೇ ಹೇಳಬೇಕು ಅಂತ ಬರೆಯುತ್ತಿದ್ದೇನೆ. ಆ ಚೀಟಿ ಬರೆಯೋಕೆ ಅಷ್ಟು ಅವಸರ ಬೇಡ.

ಮೊದಲು ಬೆರಳಿಟ್ಟು ನೋಡಿ. ಕೆನ್ನೆ ಕಡೆ, ನಾಲಿಗೆ ಕಡೆ, ಎರಡೂ. ಮೂಳೆ ಗಟ್ಟಿಯಾಗಿದೆಯಾ, ಮೊಟ್ಟೆ ಸಿಪ್ಪೆಯಂತೆ ಚಟಚಟ ಅನ್ನುತ್ತಾ? ಹಲ್ಲುಗಳನ್ನು ಎಣಿಸಿ. ಈ ಹುಡುಗಿಗೆ ಆ ಕಡೆ ಹಾಲಿನ ಕೋರೆಹಲ್ಲು ಇನ್ನೂ ಹಾಗೇ ಇತ್ತು, ಅಂದರೆ ಕಾಯಂ ಕೋರೆಹಲ್ಲು ಒಳಗೇ ಹೂತಿರಬೇಕು. ಅರ್ಧ ಸುಳಿವು ಅಲ್ಲೇ ಸಿಕ್ಕಿತು.

ಆಮೇಲೆ ಹಲ್ಲಿಗೆ ಜೀವ ಇದೆಯಾ ನೋಡಿ. ಹತ್ತಿಗೆ ಕೋಲ್ಡ್ ಸ್ಪ್ರೇ ಹೊಡೆದು ಹಲ್ಲಿಗೆ ಮುಟ್ಟಿಸಿದರೆ ಸಾಕು, ಎರಡು ನಿಮಿಷದ ಕೆಲಸ. ಹಲ್ಲು ಸತ್ತಿದ್ದರೆ ಬೇರಿನ ತುದಿಯ ಮಾಮೂಲಿ ಸಿಸ್ಟ್ ಇರಬಹುದು. ಎಕ್ಸ್‌ರೇಯಲ್ಲಿ ಜೀವಂತ ಹಲ್ಲಿನ ಬುಡದಲ್ಲಿ ಕಪ್ಪು ಕಂಡರೆ ರೂಟ್ ಕೆನಾಲ್ ಮಾಡಲೇಬೇಡಿ. ಒಬ್ಬ ಹೆಂಗಸಿಗೆ ಕೆಳಗಿನ ಮುಂದಿನ ಮೂರು ಒಳ್ಳೆಯ ಹಲ್ಲಿಗೆ ರೂಟ್ ಕೆನಾಲ್ ಆಗಿತ್ತು. ಇದ್ದದ್ದು ಸಿಮೆಂಟೋ-ಆಸಿಯಸ್ ಡಿಸ್ಪ್ಲೇಸಿಯಾ, ದವಡೆ ಮೂಳೆಯ ನಿರಪಾಯದ ಬದಲಾವಣೆ. ಅದಕ್ಕೆ ಚಿಕಿತ್ಸೆಯೇ ಬೇಕಿರಲಿಲ್ಲ. ನೆನೆದರೆ ಇವತ್ತಿಗೂ ಸಂಕಟವಾಗುತ್ತದೆ.

ಇನ್ನು ಫಿಲ್ಮ್. ಹೂತ ಹಲ್ಲಿನ ಸುತ್ತ ಕಪ್ಪು ಚೀಲ ಕಂಡರೆ, ಅದು ಹಲ್ಲಿಗೆ ಎಲ್ಲಿ ಅಂಟಿದೆ ಅಂತ ನೋಡಿ. ಡೆಂಟಿಜೆರಸ್ ಸಿಸ್ಟ್ ಹಲ್ಲಿನ ಕುತ್ತಿಗೆ (ತಲೆ, ಬೇರು ಸೇರುವ ಜಾಗ) ಹತ್ತಿರವೇ ಅಂಟಿಕೊಳ್ಳುತ್ತದೆ. ಈ ಹುಡುಗಿಯದು ಕುತ್ತಿಗೆ ದಾಟಿ ಬೇರಿನ ಅರ್ಧದವರೆಗೆ ಇಳಿದಿತ್ತು. ಓಪಿಜಿಯಲ್ಲಿ ಬೇರೇನೂ ಕಾಣಲಿಲ್ಲ. ಬಾಯೊಳಗೆ ಚಿಕ್ಕ ಫಿಲ್ಮ್ ಇಟ್ಟು ತೆಗೆದಾಗ ಕಪ್ಪಿನೊಳಗೆ ರವೆ ಚೆಲ್ಲಿದ ಹಾಗೆ ಬಿಳಿ ಚುಕ್ಕೆಗಳು! ಹದಿಹರೆಯದ ಹುಡುಗಿ, ಮೇಲ್ದವಡೆಯ ಮುಂಭಾಗ, ಹೂತ ಕೋರೆಹಲ್ಲು, ರವೆ ಚುಕ್ಕೆ. ನಾಲ್ಕೂ ಕೂಡಿದರೆ ಅಡಿನೊಮ್ಯಾಟಾಯ್ಡ್ ಓಡಾಂಟೋಜೆನಿಕ್ ಟ್ಯೂಮರ್ (ಹಲ್ಲು ಹುಟ್ಟುವ ಅಂಗಾಂಶದಿಂದ ಬೆಳೆಯುವ, ಕ್ಯಾನ್ಸರ್ ಅಲ್ಲದ ಗಡ್ಡೆ) ನೆನಪಾಗಲೇಬೇಕು.

ಕೆಳದವಡೆಯ ಹಿಂಭಾಗದಲ್ಲಾದರೆ ಯೋಚನೆ ಬೇರೆ. ಮುಖ ಅಷ್ಟಾಗಿ ಊದದೆ ಮೂಳೆಯೊಳಗೇ ಉದ್ದಕ್ಕೆ ಹರಡಿದ್ದರೆ ಓಡಾಂಟೋಜೆನಿಕ್ ಕೆರಟೋಸಿಸ್ಟ್ (ಒಳಗೆ ಕೆರಟಿನ್ ತುಂಬುವ ಸಿಸ್ಟ್) ಇರಬಹುದು. ಮೂಳೆ ಉಬ್ಬಿ, ಸೋಪಿನ ನೊರೆಯಂತೆ ಕೋಣೆ ಕೋಣೆಯಾಗಿ, ಹಲ್ಲಿನ ಬೇರು ಕತ್ತರಿಸಿದಂತೆ ಕರಗಿದ್ದರೆ ಅಮೆಲೋಬ್ಲಾಸ್ಟೋಮಾ ಎಂಬ ಗಡ್ಡೆ ಇರಬಹುದು. ಆದರೆ ಇವೆರಡೂ ಒಂದರ ವೇಷ ಇನ್ನೊಂದು ಹಾಕುತ್ತವೆ. ನರದ ಕಾಲುವೆಯ ಕೆಳಗೆ, ದವಡೆಯ ಅಂಚಿನ ಬಳಿ ಅಂಚು ಸ್ಪಷ್ಟವಾದ ಗುಂಡನೆಯ ಕಪ್ಪು ಮಾತ್ರ ಇದ್ದರೆ? ಅದು ಸಾಮಾನ್ಯವಾಗಿ ಸ್ಟ್ಯಾಫ್ನೆ ಗುಳಿ, ಮೂಳೆಯಲ್ಲಿರುವ ಬರೀ ತಗ್ಗು, ಸಿಸ್ಟೇ ಅಲ್ಲ. ಸ್ಕ್ಯಾನಿನಲ್ಲಿ ಖಚಿತ ಮಾಡಿಕೊಂಡು ಬಿಟ್ಟುಬಿಡಿ.

ಬ್ಲೇಡ್ ಹಿಡಿಯುವ ಮೊದಲು ದಪ್ಪ ಸೂಜಿ ಹಾಕಿ ಎಳೆಯಿರಿ. 18 ಗೇಜ್ ಸಾಕು. ತಿಳಿ ಹಳದಿ ನೀರು ಬಂದರೆ ಸಿಸ್ಟ್ ಇರಬಹುದು. ಗಟ್ಟಿ ಬಿಳಿ ಕೆನೆಯಂಥದ್ದು ಬಂದರೆ ಕೆರಟೋಸಿಸ್ಟ್ ಅನುಮಾನ. ಏನೂ ಬರದಿದ್ದರೆ ಒಳಗೆ ಗಡ್ಡೆ ಇರಬಹುದು. ರಕ್ತ ತಾನಾಗೇ ಸಿರಿಂಜ್ ತುಂಬಿದರೆ ಅಲ್ಲಿಗೇ ನಿಲ್ಲಿಸಿ, ದೊಡ್ಡ ಆಸ್ಪತ್ರೆಗೆ ಕಳಿಸಿ. ರಕ್ತನಾಳದ ಗಂಟನ್ನು ಕ್ಲಿನಿಕ್‌ನಲ್ಲಿ ತೆರೆದರೆ ಪ್ರಾಣಕ್ಕೇ ಕುತ್ತು.

ಬಯಾಪ್ಸಿ ತುಣುಕನ್ನು 10% ಫಾರ್ಮಲಿನ್‌ನಲ್ಲಿ ಹಾಕಿ, ತುಣುಕಿನ ಹತ್ತು ಪಟ್ಟಾದರೂ ಇರಲಿ. ಸ್ಪಿರಿಟ್ ಬೇಡ, ಸಲೈನ್ ಬೇಡ. ಫಾರ್ಮ್‌ನಲ್ಲಿ ‘ಊತ, ದವಡೆ’ ಅಂತಷ್ಟೇ ಬರೆದು ಕಳಿಸಬೇಡಿ. ವಯಸ್ಸು, ಜಾಗ, ಕೋಲ್ಡ್ ಟೆಸ್ಟ್‌ನ ಫಲ, ಸೂಜಿಗೆ ಏನು ಬಂತು, ಎಲ್ಲ ಬರೆಯಿರಿ, ಫಿಲ್ಮೂ ಜೊತೆಗಿರಲಿ. ಬಯಾಪ್ಸಿ ಅಂದ ಕೂಡಲೇ ಮನೆಯವರಿಗೆ ಕ್ಯಾನ್ಸರ್ ಭಯ. ಕೂರಿಸಿಕೊಂಡು ವಿವರಿಸಿ.

ಹುಡುಗಿಯ ಗಂಟು ದಪ್ಪ ಚೀಲದ ಸಮೇತ ಇಡಿಯಾಗಿ ಬಂತು. ಸೀಳಿದಾಗ ಬ್ಲೇಡಿಗೆ ಮರಳಿನಂತೆ ಕರಕರ ತಾಗಿತು. ರಿಪೋರ್ಟ್ ನಾವು ಅಂದುಕೊಂಡದ್ದನ್ನೇ ಹೇಳಿತು. ಈ ಗಂಟು ಮತ್ತೆ ಬರುವುದು ಅಪರೂಪ, ದವಡೆ ಕತ್ತರಿಸಬೇಕಾಗಲಿಲ್ಲ.

ಇನ್ನೊಂದು ಮಾತು. ರಿಪೋರ್ಟ್‌ನಲ್ಲಿ ‘ಜೈಂಟ್ ಸೆಲ್’ (ದೈತ್ಯ ಕೋಶಗಳಿರುವ ಗಂಟು) ಎಂದಿದ್ದರೆ ಆಪರೇಷನ್‌ಗೆ ಮೊದಲು ರಕ್ತದ ಕ್ಯಾಲ್ಸಿಯಂ, ಪ್ಯಾರಾಥೈರಾಯ್ಡ್ ಹಾರ್ಮೋನ್ ಎರಡನ್ನೂ ನೋಡಿಸಿ. ಕಾಯಿಲೆ ದವಡೆಯಲ್ಲಲ್ಲ, ಕುತ್ತಿಗೆಯ ಗ್ರಂಥಿಯಲ್ಲಿರಬಹುದು.