ಇಂಗ್ಲಿಷ್ ಬೈಗುಳ ಅರ್ಥ ಮಾಡ್ಕೊಳ್ಳೋದು ಹೇಗೆ: ಯಾವ್ದು ಬೈದಿದ್ದು, ಯಾವ್ದು ಬರೀ ಮಾತಿನ ಒಗ್ಗರಣೆ

ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಅದು ನನ್ನ ಮೊದಲ ನವೆಂಬರ್. ಛತ್ರಿ ಇಲ್ದೆ ಬಸ್ ಇಳಿದು ಓಡ್ಕೊಂಡ್ ಬಂದು ಆಫೀಸ್ ಬಾಗ್ಲಲ್ಲಿ ನೀರು ಸುರಿಸ್ಕೊಂಡು ನಿಂತಿದ್ದೆ. ಪಕ್ಕದ ಸೀಟಿನ ಹಿರಿಯರು, ಅಲ್ಲೇ ಯಾರ್ಕ್‌ಶೈರ್‌ನಲ್ಲಿ ಹುಟ್ಟಿ ಬೆಳೆದವ್ರು, ನನ್ನ ನೋಡಿದ್ದೇ ತಡ "ಕಮ್ ಹಿಯರ್, ಯೂ ಡಾಫ್ಟ್ ಬಗರ್, ಯೂ ಆರ್ ಸೋಕ್ಡ್" ಅಂತ ಜೋರಾಗಿ ಹೇಳಿ ತಮ್ಮ ಜಿಮ್ ಬ್ಯಾಗಿಂದ ಟವೆಲ್ ತೆಗೆದು ನನ್ ಕಡೆ ಎಸೆದ್ರು. ಡಾಫ್ಟ್ ಅಂದ್ರೆ ಪೆದ್ದ, ಅದು ಸರಿ, ಸಾಯಂಕಾಲ ಮನೇಗ್ ಹೋಗಿ ಡಿಕ್ಷನರಿಯಲ್ಲಿ ಬಗರ್ ಅನ್ನೋದರ ಮೂಲ ಅರ್ಥ ನೋಡ್ದೆ, ಗುದಸಂಭೋಗ ಮಾಡೋವ್ನು ಅಂತಿತ್ತು. ಕಿವಿ ಬಿಸಿಯಾಯ್ತು. ಎರಡು ವಾರ ಅವ್ರ ಜೊತೆ ಊಟಕ್ಕೆ ಕೂರ್ಲಿಲ್ಲ, ಗುಡ್ ಮಾರ್ನಿಂಗ್ ಅಂದ್ರೂ ತಲೆ ಎತ್ತದೆ ಹೂಂ ಅಂತಿದ್ದೆ, ಪಾಪ ಅವ್ರಿಗೆ ಏನಾಯ್ತು ಅಂತಾನೇ ಗೊತ್ತಾಗಿರ್ಲಿಲ್ಲ.

ಆಮೇಲೊಂದಿನ ತಿಪಟೂರಲ್ಲಿರೋ ನಮ್ಮಜ್ಜಿ ನೆನಪಾದ್ರು. ಚಿಕ್ಕವನಿದ್ದಾಗ ಮಳೇಲಿ ನೆಂದ್ಕೊಂಡ್ ಬಂದ್ರೆ "ಥೂ ಮುಂಡೇದೆ, ಬಾರೋ ಇಲ್ಲಿ, ತಲೆ ಒರೆಸ್ತೀನಿ" ಅಂತಿದ್ರು. ಮುಂಡೇದು ಅನ್ನೋ ಪದದ ಅರ್ಥ ನಿಘಂಟಲ್ಲಿ ನೋಡಿದ್ರೆ ಎಂಥ ಕ್ರೂರ ಮಾತು ಅದು, ಆದ್ರೆ ಅಜ್ಜಿ ಬಾಯಲ್ಲಿ ಬಂದಾಗ ನಮಗೆ ಕೇಳಿಸ್ತಿದ್ದದ್ದು ಅಕ್ಕರೆ ಮಾತ್ರ. ಆ ಡಾಫ್ಟ್ ಬಗರ್ ಕೂಡ ಅದೇ, ಟವೆಲ್ ಸಮೇತ ಅದೇ. ಇಷ್ಟು ಹೊಳಿಯೋದಕ್ಕೆ ನಂಗೆ ಎರಡು ವಾರ ಬೇಕಾಯ್ತು, ನಿಮಗೆ ಬೇಕಾಗಬಾರದು ಅಂತ ಈ ಲೇಖನ. ಓದೋಕೆ ಅಂತ ಹೋಗೋ ಹುಡುಗ್ರು, ನರ್ಸಿಂಗ್ ಕೆಲಸಕ್ಕೆ ಹೋಗೋವ್ರು, ಬೆಂಗಳೂರಲ್ಲೇ ಕೂತು ರಾತ್ರಿ ಶಿಫ್ಟಲ್ಲಿ ವಿದೇಶದ ಕಾಲ್ ತಗೊಳ್ಳೋವ್ರು, ಎಲ್ರಿಗೂ ಶಾಲೆಯಲ್ಲಿ ಕಲಿಸಿದ ಇಂಗ್ಲಿಷಲ್ಲಿ ಈ ಪಾಠ ಒಂದು ಬಿಟ್ಟೇಹೋಗಿರತ್ತೆ.

ಮೊದಲು ನೋಡ್ಬೇಕಾದ್ದು: ಮಾತು ಯಾರಿಗೆ ತಗಲ್ತಿದೆ

ಬೈಗುಳ ಕಿವಿಗೆ ಬಿದ್ದ ತಕ್ಷಣ ಅದರ ಅರ್ಥ ಹುಡುಕ್ಬೇಡಿ, ಅದು ಯಾರ ಮೇಲೆ ಬಿತ್ತು ನೋಡಿ. ಪ್ರಿಂಟರ್ ಮೇಲೆ ಬಿತ್ತಾ, ಮಳೆ ಮೇಲೆ ಬಿತ್ತಾ, ತನ್ನ ಮೇಲೇ ಬೈಕೊಂಡ್ರಾ, ಇಲ್ಲಾ ನಿಮ್ಮ ಮೇಲಾ. "ಬ್ಲಡಿ ರೇನ್" ಅಂದ್ರೆ ನಮ್ಮ "ಹಾಳಾದ್ ಮಳೆ", ಅಷ್ಟೇ, ಮಳೆಗೆ ರಕ್ತ ಹುಡುಕೋಕೆ ಹೋಗ್ಬಾರ್ದು. "ದ ಪ್ರಿಂಟರ್ ಈಸ್ ಬಗರ್ಡ್" ಅಂದ್ರೆ ಪ್ರಿಂಟರ್ ಕೆಟ್ಟೋಯ್ತು. "ಐ ಆಮ್ ಬಗರ್ಡ್" ಅಂದ್ರೆ ಸುಸ್ತಾಗಿ ಸತ್ತೋದೆ. ಕಾಲು ಎಡವಿ "ಶಿಟ್" ಅಂದವ್ರು ನೋವಿಗೆ ಅಂದಿದ್ದು, ನಿಮಗಲ್ಲ. ಬ್ರಿಟನ್ನು ಆಸ್ಟ್ರೇಲಿಯಾದಲ್ಲಿ ದಿನಾ ನಮ್ಮ ಕಿವಿಗೆ ಬೀಳೋ ಬೈಗುಳದಲ್ಲಿ ಬಹುಪಾಲು ಈ ಥರದ್ದೇ ಅನ್ನೋದು ನನ್ನ ಅನುಭವ, ಮನುಷ್ಯರನ್ನ ಗುರಿ ಮಾಡಿದ್ದು ಕಮ್ಮಿ.

ನಿಮ್ಮ ಮೇಲೇ ಬಿತ್ತು ಅಂತಿಟ್ಕೊಳ್ಳಿ, ಆಗ ಅದರ ಹಿಂದೆ ಮುಂದೆ ಇರೋ ಪದ ನೋಡಿ. ಲಕ್ಕಿ ಬಗರ್, ಪೂರ್ ಸಾಡ್, ಚೀಕಿ ಸಾಡ್ ಇವೆಲ್ಲ ಅದೃಷ್ಟವಂತ, ಪಾಪದವ್ನು, ತಲೆಹರಟೆ ಅನ್ನೋ ಅರ್ಥದಲ್ಲೇ ಬರತ್ತೆ. ಮಪೆಟ್, ವಾಲಿ, ಪ್ಲಾಂಕರ್, ನಂಪ್ಟಿ ಅಂದ್ರೆ ಪೆದ್ದ, ಸ್ನೇಹಿತರ ನಡುವೆ ಓಡಾಡೋ ಮಾತು. ನಮ್ಮ ಧಾರವಾಡದ ಕಡೆ ಗೆಳೆಯರು ಮಂಗ್ಯಾನ ಮಗನ ಅಂತ ಕರ್ಕೊಂಡು ಒಂದೇ ತಟ್ಟೇಲಿ ಗಿರ್ಮಿಟ್ ತಿಂತಾರಲ್ಲ, ಹಾಗೆ. ಆದ್ರೆ ಅದೇ ಮಾತನ್ನ ನಗು ಇಲ್ದೆ, ಹೆಸರು ಹಿಡಿದು, ದನಿ ಇಳಿಸಿ ನಿಧಾನವಾಗಿ ಅಂದ್ರೆ ಅದು ಬೈಗುಳಾನೇ. ಇಂಗ್ಲೆಂಡಲ್ಲಿ ಜೋರಾಗಿ ಅಂದಿದ್ದಕ್ಕಿಂತ ಮೆಲ್ಲಗೆ ಅಂದಿದ್ದಕ್ಕೆ ಜಾಸ್ತಿ ಹುಷಾರಾಗಿರಿ.

ಪದ ತೆಗೆದು ನೋಡಿ

ಇದು ನಾನು ಹೊಸದಾಗಿ ಬಂದ ಎಲ್ಲರಿಗೂ ಹೇಳ್ಕೊಡೋ ಪರೀಕ್ಷೆ. ಬೈಗುಳದ ಪದ ವಾಕ್ಯದಿಂದ ತೆಗೆದುಹಾಕಿ. ಉಳಿದ ವಾಕ್ಯ ಸರಿಯಾಗಿ ನಿಂತ್ರೆ ಆ ಪದಕ್ಕೆ ಸ್ವಂತ ಅರ್ಥ ಏನೂ ಇಲ್ಲ, ಬರೀ ಒತ್ತು. "ವೇರ್ ಈಸ್ ಮೈ ಬ್ಲಡಿ ಫೋನ್", ಬ್ಲಡಿ ತೆಗೀರಿ, ಫೋನ್ ಎಲ್ಲಿ ಅಂತಷ್ಟೇ ಕೇಳ್ತಿರೋದು. ಎಫ್ ಅಕ್ಷರದ ಆ ದೊಡ್ಡ ಬೈಗುಳಾನೂ (ಅಲ್ಲಿಯವ್ರೇ ಮರ್ಯಾದೆಗೆ ಎಫ್-ವರ್ಡ್ ಅಂತಾರೆ, ಇನ್ನೂ ಮೆತ್ತಗೆ ಎಫಿಂಗ್ ಅಂತಾರೆ, ನಾನೂ ಇಲ್ಲಿ ಹಾಗೇ ಬರೀತೀನಿ) ಹೆಚ್ಚಿನ ಸಲ ಹೀಗೇ ಬರೋದು.

ಕೆಲವ್ರು ಈ ಒತ್ತಿನ ಪದಾನ ಇನ್ನೊಂದು ಪದದ ಹೊಟ್ಟೆ ಸೀಳಿ ಒಳಗೇ ಇಡ್ತಾರೆ. ಆಬ್ಸಲೂಟ್ಲಿ ಅನ್ನೋದು ಆಬ್ಸೊ-ಬ್ಲಡಿ-ಲೂಟ್ಲಿ ಆಗತ್ತೆ, ಫ್ಯಾಂಟಾಸ್ಟಿಕ್ ಫ್ಯಾನ್-ಬ್ಲಡಿ-ಟಾಸ್ಟಿಕ್ ಆಗತ್ತೆ. ಮೊದಲ್ನೇ ಸಲ ಕೇಳಿದಾಗ ಯಾವುದೋ ಹೊಸ ಭಾಷೆ ಅನ್ಸತ್ತೆ. ಆದ್ರೆ ಇದಕ್ಕೂ ವ್ಯಾಕರಣ ಇದೆ. ಆ ಪದದಲ್ಲಿ ದನಿ ಎಲ್ಲಿ ಜೋರಾಗಿ ಬೀಳತ್ತೋ ಅದರ ಮುಂಚೇನೇ ಸೇರಿಸ್ಬೇಕು, ಆಬ್-ಬ್ಲಡಿ-ಸಲೂಟ್ಲಿ ಅಂತ ಯಾರೂ ಅನ್ನಲ್ಲ. ಯಾರೂ ಪಾಠ ಹೇಳ್ಕೊಡ್ದೇನೇ ಅಲ್ಲಿನ ಹೈಸ್ಕೂಲ್ ಹುಡುಗ್ರು ಒಬ್ಬರೂ ತಪ್ಪಲ್ಲ, ಭಾಷಾವಿಜ್ಞಾನಿಗಳು ಇದರ ಮೇಲೆ ಪ್ರಬಂಧಾನೇ ಬರ್ದಿದಾರೆ. ನಂಗಂತೂ ಇಂಗ್ಲಿಷಲ್ಲಿ ತುಂಬಾ ಇಷ್ಟವಾದ ಸಂಗತಿಗಳಲ್ಲಿ ಇದೊಂದು.

ಪದ ತೆಗೆದ್ರೆ ವಾಕ್ಯ ಬಿದ್ದೋಗತ್ತೆ ಇಲ್ಲಾ ಅರ್ಥಾನೇ ಬದಲಾಗತ್ತೆ ಅಂದ್ರೆ ಆ ಪದಕ್ಕೆ ಅಲ್ಲಿ ಸ್ವಂತ ಕೆಲಸ ಇದೆ. ಆಗ ಅದರ ಬಾಲ ನೋಡಿ, ಅಂದ್ರೆ ಹಿಂದೆ ಬರೋ ಪುಟ್ಟ ಪದ. ಆಫ್ ಬಂದ್ರೆ ತೊಲಗು ಅಂತ, ಅದು ಬಗರ್ ಆಫ್ ಆಗ್ಲಿ ಸಾಡ್ ಆಫ್ ಆಗ್ಲಿ ಪಿಸ್ ಆಫ್ ಆಗ್ಲಿ ಎಫ್ ಆಫ್ ಆಗ್ಲಿ. ಅಪ್ ಬಂದ್ರೆ ಕೆಲಸ ಕೆಡಿಸ್ದ ಅಂತ. ಅಬೌಟ್ ಬಂದ್ರೆ ಟೈಂಪಾಸ್ ಮಾಡ್ತಿದಾನೆ. ಆಲ್ ಬಂದ್ರೆ ಏನೂ ಇಲ್ಲ: "ಹಿ ಡಿಡ್ ಬಗರ್ ಆಲ್" ಅಂದ್ರೆ ಅವ್ನು ಒಂದು ಕಡ್ಡೀನೂ ಎತ್ತಿಡ್ಲಿಲ್ಲ. ಎಲ್ಲಾ ಮಾಡ್ದ ಅಂತ ತಿಳ್ಕೊಂಡು ಮ್ಯಾನೇಜರ್‌ಗೆ ಹಾಗೇ ರಿಪೋರ್ಟ್ ಕಳಿಸಿದ ಒಬ್ಬ ಹುಡುಗ ನಂಗೊತ್ತು.

ಬಾಲಕ್ಸ್ ಅನ್ನೋದನ್ನ ಮಾತ್ರ ಬೇರೆಯಾಗಿ ಕಲೀಬೇಕು. ಮೂಲ ಅರ್ಥ ವೃಷಣ. ಬರೀ ಬಾಲಕ್ಸ್ ಅಂದ್ರೆ ಸುಳ್ಳು, ಬೊಗಳೆ. "ಐ ಗಾಟ್ ಎ ಬಾಲಕಿಂಗ್" ಅಂದ್ರೆ ಚೆನ್ನಾಗಿ ಉಗಿಸ್ಕೊಂಡೆ. ಆದ್ರೆ "ದ ಡಾಗ್ಸ್ ಬಾಲಕ್ಸ್" ಅಂದ್ರೆ ಸೂಪರ್, ಅದಕ್ಕಿಂತ ಚೆನ್ನಾಗಿರೋದು ಇನ್ನೊಂದಿಲ್ಲ ಅಂತ! ನೀವು ಮಾಡ್ಕೊಂಡ್ ಹೋದ ಬಿಸಿಬೇಳೆಬಾತ್ ತಿಂದು ಯಾರಾದ್ರೂ ಹಾಗಂದ್ರೆ ಖುಷಿ ಪಡಿ. ಹಾಗೇ ಆರ್ಸ್ ಅಂದ್ರೆ ಕುಂಡಿ, ಆದ್ರೆ "ಐ ಕಾಂಟ್ ಬಿ ಆರ್ಸ್ಡ್" ಅಂದ್ರೆ ನಂಗೆ ಮನಸ್ಸಿಲ್ಲ, ಯಾರ್ ಮಾಡ್ತಾರೆ ಅಂತ, ಮೆಸೇಜಲ್ಲಿ ಸಿಬಿಎ ಅಂತ ಮೂರೇ ಅಕ್ಷರ ಹಾಕಿಬಿಡ್ತಾರೆ.

ಯಾವ ದೇಶದ ಬಾಯಿ ಅನ್ನೋದು ತಿಳ್ಕೊಳ್ಳಿ

ಪಿಸ್ಡ್ ಅನ್ನೋದು ಇದಕ್ಕೆ ಒಳ್ಳೇ ಉದಾಹರಣೆ. ಅಮೆರಿಕಾದವ್ರು "ಐ ಆಮ್ ಪಿಸ್ಡ್" ಅಂದ್ರೆ ಸಿಟ್ಟು ಬಂದಿದೆ. ಬ್ರಿಟನ್ನಿನವ್ರು ಅಂದ್ರೆ ಕುಡಿದು ಟೈಟಾಗಿದೀನಿ ಅಂತ, ಸಿಟ್ಟು ಹೇಳೋಕೆ ಅವ್ರಿಗೆ ಪಿಸ್ಡ್ ಆಫ್ ಬೇಕು. "ಆರ್ ಯೂ ಟೇಕಿಂಗ್ ದ ಪಿಸ್" ಅಂದ್ರೆ ಆಟ ಆಡ್ತಿದೀರಾ, ಸಲುಗೆ ಜಾಸ್ತಿ ಆಯ್ತಾ ಅಂತ, ಇದು ಕೇಳಿಸ್ತು ಅಂದ್ರೆ ಅಲ್ಲಿಗೆ ನಿಲ್ಸಿ. ಮಳೆ "ಪಿಸ್ಸಿಂಗ್ ಡೌನ್" ಅಂದ್ರೆ ಧೋ ಅಂತ ಸುರೀತಿದೆ. ಫ್ಯಾನಿ ಅಂದ್ರೆ ಅಮೆರಿಕಾದಲ್ಲಿ ಹಿಂಭಾಗ, ಬ್ರಿಟನ್ನಲ್ಲಿ ಹೆಂಗಸರ ಗುಪ್ತಾಂಗ, ಅದಕ್ಕೇ ಸೊಂಟಕ್ಕೆ ಕಟ್ಟೋ ಚೀಲಕ್ಕೆ ಅಲ್ಲಿ ಬಮ್ ಬ್ಯಾಗ್ ಅಂತ್ಲೇ ಕೇಳ್ಬೇಕು. ಆಸ್ಟ್ರೇಲಿಯಾದಲ್ಲಿ ರೂಟ್ ಅಂದ್ರೆ ಸಂಭೋಗ, ಅಮೆರಿಕನ್ ಸೀರಿಯಲ್ ನೋಡಿ ಕಲಿತು "ಯಾವ ಟೀಮಿಗೆ ರೂಟ್ ಮಾಡ್ತೀರಾ" ಅಂತ ಅಲ್ಲಿ ಕೇಳ್ಬೇಡಿ.

ನಮ್ಮ ಊರಿಗೂ ಇದು ಸಂಬಂಧ ಇದೆ. 2008ರ ಜನವರಿಯಲ್ಲಿ ಆಸ್ಟ್ರೇಲಿಯಾ ವಿರುದ್ಧದ ಸಿಡ್ನಿ ಕ್ರಿಕೆಟ್ ಟೆಸ್ಟಲ್ಲಿ ನಮ್ಮ ಅನಿಲ್ ಕುಂಬ್ಳೆ ಕ್ಯಾಪ್ಟನ್. ಹರ್ಭಜನ್-ಸೈಮಂಡ್ಸ್ ಗಲಾಟೆ ಎಲ್ರಿಗೂ ನೆನಪಿದೆ, ಆದ್ರೆ ಅದೇ ಮ್ಯಾಚಲ್ಲಿ ಭಾರತ ತಂಡ ಆಸ್ಟ್ರೇಲಿಯಾದ ಬೌಲರ್ ಬ್ರಾಡ್ ಹಾಗ್ ಮೇಲೂ ದೂರು ಕೊಟ್ಟಿತ್ತು, ಕುಂಬ್ಳೆಗೂ ಧೋನಿಗೂ ಬ್ಯಾಸ್ಟರ್ಡ್ ಅಂದ್ರು ಅಂತ. ಆಸ್ಟ್ರೇಲಿಯಾದವ್ರಿಗೆ ಆ ಪದ ಗೆಳೆಯನ ಬೆನ್ನು ತಟ್ಟುವಾಗ್ಲೂ ಬರತ್ತೆ. ನಮಗೆ ಅದು ತಾಯಿಯನ್ನ ಎಳೆದು ತಂದಂಗೆ. ಎರಡು ಕಡೆಯವ್ರಿಗೂ ಅವರವರ ಕಿವಿ ನಿಜಾನೇ ಹೇಳ್ತಿತ್ತು. ಕೊನೆಗೆ ಭಾರತ ಆ ದೂರು ವಾಪಸ್ ತಗೊಂತು.

ಉಲ್ಟಾನೂ ಆಗತ್ತೆ. ನಮ್ಮಲ್ಲಿ ರಾಸ್ಕಲ್ ಅಂದ್ರೆ ಕಾಲರ್ ಹಿಡಿಯೋ ಮಟ್ಟಕ್ಕೆ ಹೋಗತ್ತೆ, ಇಂಗ್ಲೆಂಡಲ್ಲಿ ಅದು ಅಜ್ಜ ಮೊಮ್ಮಗುಗೆ ತುಂಟ ಅನ್ನೋ ಥರ ಅನ್ನೋದು. ಆದ್ರೆ ನಾವು ಹುಡುಗ್ರು ಸಲೀಸಾಗಿ ಅಂದ್ಬಿಡೋ ಬಿಚ್ ಅಲ್ಲಿ ಹೆಣ್ಣುಮಗಳಿಗೆ ಅಂದ್ರೆ ನಿಜವಾದ ಅವಮಾನ. ಸಿ ಅಕ್ಷರದ್ದಂತೂ (ಅದೂ ಹೆಂಗಸರ ಗುಪ್ತಾಂಗದ ಹೆಸರೇ) ಸ್ಕಾಟ್ಲೆಂಡು ಆಸ್ಟ್ರೇಲಿಯಾದ ಗಂಡಸರು ಸ್ನೇಹಿತರಿಗೇ ಅಂತಾರೆ, ಅಮೆರಿಕಾದಲ್ಲಿ ಹೆಂಗಸಿಗೆ ಅಂದ್ರೆ ಕ್ಷಮೆ ಇರಲ್ಲ.

ತೂಕ ನೋಡೋದು

ಹಿಂದಿನ ಕಾಲದ ಇಂಗ್ಲಿಷಲ್ಲಿ ಜೋರು ಬೈಗುಳ ಅಂದ್ರೆ ದೇವರ ಹೆಸರಿಂದು. 1606ರಲ್ಲೇ ಇಂಗ್ಲೆಂಡಲ್ಲಿ ನಾಟಕದ ವೇದಿಕೆ ಮೇಲೆ ದೇವರ ಹೆಸರು ಹಗುರವಾಗಿ ತಗೊಂಡ್ರೆ 10 ಪೌಂಡ್ ದಂಡ ಅಂತ ಕಾನೂನು ಬಂತು. ಈಗ ಡ್ಯಾಮ್, ಹೆಲ್, ಮೈ ಗಾಡ್ ಎಲ್ಲ ತೀರಾ ಹಗುರ, ಆದ್ರೂ ಚರ್ಚಿಗೆ ಹೋಗೋ ಹಿರಿಯರ ಮುಂದೆ "ಜೀಸಸ್" ಅಂತ ಉದ್ಗಾರ ತೆಗೀಬೇಡಿ, ನಿಜವಾಗ್ಲೂ ನೋವಾಗತ್ತೆ ಅವ್ರಿಗೆ. ಬ್ಲಡಿ ಅಂತ 1914ರಲ್ಲಿ ಲಂಡನ್ನಿನ ವೇದಿಕೆ ಮೇಲೆ ಒಂದು ಸಲ ಅಂದಿದ್ದಕ್ಕೆ ಪತ್ರಿಕೆಗಳಲ್ಲೆಲ್ಲ ಗದ್ದಲ. 2006ರಲ್ಲೂ ಆಸ್ಟ್ರೇಲಿಯಾ ಪ್ರವಾಸೋದ್ಯಮದ "ವೇರ್ ದ ಬ್ಲಡಿ ಹೆಲ್ ಆರ್ ಯೂ" ಜಾಹೀರಾತನ್ನ ಬ್ರಿಟನ್ ಟಿವಿಯಲ್ಲಿ ಮೊದಲು ತಡೆದು ಆಮೇಲೆ ಬಿಟ್ರು.

ಇತ್ತೀಚಿನ ತೂಕ ತಿಳೀಬೇಕಾ, ಬ್ರಿಟನ್ನಿನ ಪ್ರಸಾರ ನಿಯಂತ್ರಕ ಆಫ್‌ಕಾಮ್ ಜನರನ್ನೇ ಕೇಳಿ 2016ರಲ್ಲಿ ಒಂದು ಪಟ್ಟಿ ಮಾಡಿತ್ತು, ಅದರ ಪ್ರಕಾರ ಹೀಗೆ. ಬ್ಲಡಿ, ಬಗರ್, ಆರ್ಸ್, ಗಿಟ್ ಹಗುರ. ಶಿಟ್, ಬಾಲಕ್ಸ್, ಪಿಸ್ಡ್ ಆಫ್ ಮಧ್ಯಮ. ವ್ಯಾಂಕರ್, ಟ್ವಾಟ್, ಬ್ಯಾಸ್ಟರ್ಡ್ ಜೋರು. ಎಫ್ ಮತ್ತು ಸಿ ಎಲ್ಲಕ್ಕಿಂತ ಮೇಲೆ, ಟಿವಿಯಲ್ಲಿ ರಾತ್ರಿ 9 ಗಂಟೆ ಆಗೋ ತನಕ ಬರಂಗೇ ಇಲ್ಲ. ಆ 9 ಗಂಟೆ ಆದ್ಮೇಲಿನ ಕಾರ್ಯಕ್ರಮಾನ ಸಬ್‌ಟೈಟಲ್ ಹಾಕ್ಕೊಂಡು ನೋಡಿ, ಅದಕ್ಕಿಂತ ಒಳ್ಳೇ ತರಗತಿ ಇಲ್ಲ.

ಚ್ಯಾಟಲ್ಲಿ ಬರೋ ಅಕ್ಷರಗಳೂ ಬೈಗುಳಾನೇ ಅನ್ನೋದು ನಮ್ಮವ್ರಿಗೆ ಎಷ್ಟೋ ಜನಕ್ಕೆ ಗೊತ್ತಿಲ್ಲ. ಡಬ್ಲ್ಯೂಟಿಎಫ್, ಎಲ್‌ಎಂಎಫ್‌ಎಓ, ಟಯರ್ಡ್ ಎಎಫ್, ಇವುಗಳಲ್ಲಿರೋ ಎಫ್ ಅದೇ ಎಫ್. ಕ್ಲೈಂಟ್ ಇರೋ ಗ್ರೂಪಲ್ಲಿ ಹಾಕೋಕೆ ಮುಂಚೆ ಯೋಚ್ನೆ ಮಾಡಿ.

ಇದನ್ನ ಮಾತ್ರ ಸಹಿಸ್ಕೋಬೇಡಿ

ಮೇಲೆ ಹೇಳಿದ್ದಕ್ಕೂ ಇದಕ್ಕೂ ಸಂಬಂಧಾನೇ ಇಲ್ಲ, ದಯವಿಟ್ಟು ಬೇರೆ ಇಡಿ. ಬ್ರಿಟನ್ನಲ್ಲಿ "ಪಾಕಿ" ಅನ್ನೋದು ಪಾಕಿಸ್ತಾನದವ್ರು ಅನ್ನೋದರ ಶಾರ್ಟ್‌ಫಾರ್ಮ್ ಅಲ್ಲ. ದಕ್ಷಿಣ ಏಷ್ಯಾದ ಎಲ್ಲರ ಮೇಲೂ ದಶಕಗಳಿಂದ ಎಸೆದ ಜನಾಂಗೀಯ ನಿಂದನೆ, ಎಷ್ಟೋ ಜನ ಈ ಪದ ಕೇಳ್ಕೊಂಡೇ ಹೊಡೆತ ತಿಂದಿದಾರೆ. "ನಾವು ಭಾರತದವ್ರು, ನಮಗಲ್ಲ ಅದು" ಅಂತ ಸುಮ್ನಾಗೋರನ್ನ ನೋಡಿದೀನಿ, ಆ ಪದಾನ ನಾವೇ ಪಾಕಿಸ್ತಾನದವ್ರಿಗೆ ಅಂದಿದ್ದೂ ಕೇಳಿದೀನಿ, ಎರಡೂ ತಪ್ಪು. ತಮಾಷೆಗೆ ಅಂದಿದ್ದು, ಬ್ಯಾಂಟರ್, ಅಂತ ಸಮಜಾಯಿಷಿ ಬರತ್ತೆ. ಯಾರ್ಕ್‌ಶೈರ್ ಕ್ರಿಕೆಟ್ ಕ್ಲಬ್ಬಲ್ಲಿ ಪಾಕಿಸ್ತಾನ ಮೂಲದ ಆಟಗಾರ ಅಝೀಮ್ ರಫೀಕ್ ಅವ್ರಿಗೆ ಆದ ಜನಾಂಗೀಯ ನಿಂದನೆಗೂ ಇದೇ ಬ್ಯಾಂಟರ್ ಮಾತು ಬಂದಿತ್ತು, ಅವ್ರು 2021ರ ನವೆಂಬರಲ್ಲಿ ಪಾರ್ಲಿಮೆಂಟ್ ಸಮಿತಿ ಮುಂದೆ ಕೂತು ಎಲ್ಲಾ ಹೇಳಿದ್ಮೇಲೆ ಇಡೀ ದೇಶ ಕಣ್ಣು ತೆರೀತು. ಕಪ್ಪು ಜನರನ್ನ ಹೀಯಾಳಿಸೋ ಅಮೆರಿಕಾದ ಎನ್-ವರ್ಡ್ ಕೂಡ ಹಾಗೇ, ರ‍್ಯಾಪ್ ಹಾಡಲ್ಲಿ ಬಂತು ಅಂತ ಜೊತೇಲಿ ಹಾಡೋದೂ ಬೇಡ.

ಆಫೀಸಲ್ಲಿ ಇಂಥದ್ದು ಆದ್ರೆ ಏನು ಅಂದ್ರು, ಯಾವಾಗ, ಅಲ್ಲಿ ಯಾರಿದ್ರು ಅಂತ ಅವತ್ತೇ ಬರೆದಿಟ್ಕೊಳ್ಳಿ, ಎಚ್‌ಆರ್‌ಗೆ ಇಮೇಲಲ್ಲೇ ಕಳಿಸಿ, ಬಾಯಲ್ಲಿ ಹೇಳಿ ಬಿಡ್ಬೇಡಿ. ಬ್ರಿಟನ್ನಿನ 2010ರ ಈಕ್ವಾಲಿಟಿ ಆಕ್ಟ್ ಪ್ರಕಾರ ಕೆಲಸದ ಜಾಗದಲ್ಲಿ ಜನಾಂಗೀಯ ಕಿರುಕುಳ ಕಾನೂನುಬಾಹಿರ. ಬೀದಿಯಲ್ಲಿ ಆದ್ರೆ ಪೊಲೀಸ್‌ಗೆ 101, ಅಪಾಯ ಇದ್ರೆ 999.

ನಾವೂ ಅನ್ಬೋದಾ

ಮೊದಲ ಒಂದು ವರ್ಷ ಬೇಡ. ಇನ್ನೊಂದು ಭಾಷೆ ಬೈಗುಳ ನಮ್ಮ ನಾಲಿಗೆಗೆ ಹಗುರ ಅನ್ಸತ್ತೆ, ಎದೆಗೆ ತಾಗಲ್ಲ, ಅದಕ್ಕೇ ಎಲ್ಲಿ ಹೇಳ್ಬಾರ್ದೋ ಅಲ್ಲಿ ಬಂದ್ಬಿಡತ್ತೆ. ಅಮ್ಮನ ಮುಂದೆ ಕನ್ನಡದಲ್ಲಿ ಬೋಳಿಮಗ ಅನ್ನೋಕೆ ಆಗದವ್ನು ಮೀಟಿಂಗಲ್ಲಿ ಎಫ್ ಅಂತ ಸರಾಗವಾಗಿ ಅಂತಾನೆ. ಅನ್ನಲೇಬೇಕು ಅನ್ಸಿದ್ರೆ ಶುಗರ್, ಬ್ಲೈಮಿ, ಫ್ಲಿಪಿಂಗ್ ಹೆಕ್ ಇದೆ, ಮಕ್ಕಳ ಮುಂದೆ ಅಲ್ಲಿನ ಅಮ್ಮಂದಿರು ಬಳಸೋ ಮಾತು, ಯಾರಿಗೂ ನೋವಾಗಲ್ಲ. ಯಾರೋ ಏನೋ ಅಂದ್ರು, ಅರ್ಥ ಆಗ್ಲಿಲ್ಲ ಅಂದ್ರೆ "ಈಸ್ ದಟ್ ಗುಡ್ ಆರ್ ಬ್ಯಾಡ್" ಅಂತ ನೇರವಾಗಿ ಕೇಳಿ, ಬಹಳ ಜನ ಖುಷಿಯಿಂದ ಹೇಳ್ಕೊಡ್ತಾರೆ.

ನಾನೂ ಕೊನೆಗೆ ಹಾಗೇ ಕೇಳ್ದೆ. ಎರಡು ವಾರ ಆದ್ಮೇಲೆ ಟವೆಲ್ ಒಗೆದು ಮಡಚಿ ತಗೊಂಡ್ ಹೋಗಿ ಆ ಹಿರಿಯರ ಮುಂದೆ ಇಟ್ಟು, ಡಾಫ್ಟ್ ಬಗರ್ ಅಂದ್ರೆ ಏನು ಅಂತ. ಅವ್ರು ಒಂದು ಕ್ಷಣ ನನ್ನ ಮುಖಾನೇ ನೋಡಿದ್ರು, ಆಮೇಲೆ ಕುರ್ಚಿ ಎಳೆದು ಕೂರಿಸಿ ಟೀ ತರಿಸಿದ್ರು, ಊಟದ ಟೈಂ ಮುಗಿಯೋ ತನಕ ಒಂದೊಂದೇ ಪದ ಹೇಳ್ಕೊಟ್ರು. ಈ ಲೇಖನದಲ್ಲಿ ಅರ್ಧ ಅವತ್ತು ಬರ್ಕೊಂಡಿದ್ದೇ.